ಆಟದ ತೊಡವು, ಮನೆಯ ಗಂಟು

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮನೆಗಳಲ್ಲಿಯೂ ಮಕ್ಕಳು ಗಣಕಯಂತ್ರದ ಆಟಗಳಿಗೆ ‘ಮಾಡ್’ ಎಂಬ ತೊಡವುಗಳನ್ನು ಅಂತರಜಾಲದಿಂದ ಇಳಿಸಿಕೊಳ್ಳುವುದುಂಟು. ಮಾಡ್ ಬರಿಯ ಅಲಂಕಾರವಲ್ಲ. ಅಪರಿಚಿತನೊಬ್ಬನು ಬರೆದ, ನಮ್ಮ ಯಂತ್ರದೊಳಗೆ ನಡೆಯುವ ಕ್ರಮವಿಧಿ. 2023ರ ಜೂನ್ ತಿಂಗಳಲ್ಲಿ ಮೈನ್‌ಕ್ರಾಫ್ಟ್ ಆಟದ ಮಾಡ್‌ಗಳಿಗೆ ಹೆಸರಾದ ಕರ್ಸ್‌ಫೋರ್ಜ್ ಭಂಡಾರದಲ್ಲಿಯೇ ‘ಫ್ರಾಕ್ಚರೈಸರ್’ ಎಂಬ ಕುತಂತ್ರಾಂಶವು ನುಸುಳಿ, ಬ್ರೌಸರಿನಲ್ಲಿ ಉಳಿಸಿದ್ದ ಗುಪ್ತಪದಗಳನ್ನು ಅಪಹರಿಸತೊಡಗಿತು. ಆದುದರಿಂದ ಹೆಸರುಳ್ಳ ತಾಣವೆಂಬ ನಂಬಿಕೆಯೊಂದೇ ಸಾಲದು. ಅಡಿಕೆ ಮಾರಿದ ಹಣದ ಬ್ಯಾಂಕ್ ವ್ಯವಹಾರ ನಡೆಯುವ ಯಂತ್ರದಲ್ಲಿ ಮಾಡ್ ಸರ್ವಥಾ ಕೂಡದು. ವೈರಸ್ ತಡೆಯನ್ನು ನಿಲ್ಲಿಸೆಂದು ಕೇಳುವ ಮಾಡ್ ತ್ಯಾಜ್ಯವೆಂದೇ ತಿಳಿಯತಕ್ಕದ್ದು. ಹಣ ಹೋದರೆ ತತ್‌ಕ್ಷಣ 1930ಕ್ಕೆ ಕರೆ ಮಾಡಬೇಕು. ಗದರಿಸಿದರೆ ಮಕ್ಕಳು ಮುಚ್ಚಿಡುವರು. ಅಧ್ಯಾಪಕರೂ ಪಾಲಕರೂ ಅವರೊಡನೆ ಕುಳಿತು ವಿವೇಚನೆಯನ್ನು ಕಲಿಸುವುದೇ ಲೇಸು.