ಪ್ರೆಸ್ ಶಾಪ್‌ನಿಂದ ಬಂದ ಸದ್ದು

ಡಿಪ್ಲೊಮಾ ಓದುವಾಗ ಪೀಣ್ಯದ ಒಂದು ಸಣ್ಣ ಘಟಕಕ್ಕೆ ಆರು ವಾರ ತರಬೇತಿಗೆ ಹೋಗಿದ್ದೆ. ಅಲ್ಲಿ ಪವರ್ ಪ್ರೆಸ್ ನಡೆಸುತ್ತಿದ್ದ ಅಣ್ಣನ ಎಡಗೈಯಲ್ಲಿ ಒಂದು ಬೆರಳಿನ ತುದಿ ಇರಲಿಲ್ಲ. ಕೇಳಿದ್ದಕ್ಕೆ, ‘ಬಿಡಪ್ಪಾ, ಈ ಶಾಪ್‌ನಲ್ಲಿ ಹತ್ತು ಬೆರಳೂ ನೆಟ್ಟಗಿದ್ರೆ ಅವನು ಹೊಸಬ ಅಂತ ಅರ್ಥ’ ಎಂದು ನಕ್ಕಿದ್ದರು. 2025ರ ಜುಲೈ 22ರಂದು ಓಜಿ ಓಸ್ಬೋರ್ನ್ ತೀರಿಕೊಂಡ ಸುದ್ದಿ ಮೊಬೈಲಿಗೆ ಬಂದಾಗ ನನಗೆ ನೆನಪಾದದ್ದು ಆ ಅಣ್ಣ. ಕಾರಣವಿದೆ.

ಓಜಿ ಹಾಡುತ್ತಿದ್ದ ‘ಬ್ಲ್ಯಾಕ್ ಸಬತ್’ ತಂಡದ ಗಿಟಾರ್ ವಾದಕ ಟೋನಿ ಅಯೋಮಿ ಬರ್ಮಿಂಗ್‌ಹ್ಯಾಮ್‌ನ ಶೀಟ್ ಮೆಟಲ್ ಕಾರ್ಖಾನೆಯ ಕೆಲಸಗಾರ. ಹದಿನೇಳನೇ ವಯಸ್ಸಿನಲ್ಲಿ ಸಂಗೀತವೇ ಬದುಕು ಎಂದು ನಿರ್ಧರಿಸಿ ಕೆಲಸ ಬಿಟ್ಟರು. ಕೊನೆಯ ದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವರು ಮತ್ತೆ ಹೋಗುವುದಿಲ್ಲ ಎಂದರೆ, ಅವರ ತಾಯಿ ‘ಹಿಡಿದ ಕೆಲಸ ಮುಗಿಸಿ ಬಾ’ ಎಂದು ಕಳಿಸಿದರು. ಆ ದಿನ ಪ್ರೆಸ್ ನಡೆಸುವವರು ರಜೆ. ಅಭ್ಯಾಸವಿಲ್ಲದ ಟೋನಿಯನ್ನು ಅಲ್ಲಿ ನಿಲ್ಲಿಸಿದರು. ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಟೋನಿ ಎಡಗೈ ಬಳಸುವವರು, ತಂತಿ ಒತ್ತುವುದು ಬಲಗೈಯಲ್ಲಿ. ಅಂದರೆ ಬೇಕಾದ ಬೆರಳುಗಳೇ ಹೋದವು.

ಕಾರ್ಖಾನೆಯ ಫೋರ್‌ಮನ್ ಒಂದು ರೆಕಾರ್ಡ್ ತಂದುಕೊಟ್ಟರು. ಅದು ಬೆಂಕಿ ಅವಘಡದಲ್ಲಿ ಎರಡು ಬೆರಳುಗಳ ಶಕ್ತಿ ಕಳೆದುಕೊಂಡ ಜ್ಯಾಂಗೊ ರೈನ್‌ಹಾರ್ಟ್ ನುಡಿಸಿದ್ದು. ಅದನ್ನು ಕೇಳಿ ಟೋನಿ ಪಾತ್ರೆ ತೊಳೆಯುವ ದ್ರವದ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು, ಅದರ ಮೇಲೆ ಚರ್ಮ ಅಂಟಿಸಿದರು. ಬಿಗಿ ತಂತಿ ಒತ್ತಿದರೆ ನೋವು. ಆದ್ದರಿಂದ ಬ್ಯಾಂಜೊ ವಾದ್ಯದ ತೆಳು ತಂತಿ ಹಾಕಿದರು, ಮುಂದೆ ಶ್ರುತಿಯನ್ನೂ ಇಳಿಸಿದರು. 1971ರ ಆಲ್ಬಂನಲ್ಲಿ ಆ ಇಳಿದ ಶ್ರುತಿಯ ಭಾರವಾದ ಸದ್ದು ಚೆನ್ನಾಗಿ ಕೇಳುತ್ತದೆ. ಇವತ್ತು ನಾವು ಹೆವಿ ಮೆಟಲ್ ಎನ್ನುವುದರ ತೂಕದಲ್ಲಿ ಒಂದು ಪಾಲು ಆ ಗಾಯದ್ದು.

ಇನ್ನೊಂದು ಪಾಲು ಒಂದು ಸ್ವರದ್ದು. ತಂಡದ ಹೆಸರನ್ನೇ ಹೊತ್ತ ಮೊದಲ ಹಾಡು ಷಡ್ಜ, ಮೇಲಿನ ಷಡ್ಜ, ಆಮೇಲೆ ಪ್ರತಿ ಮಧ್ಯಮ, ಇಷ್ಟರ ಮೇಲೇ ನಿಂತಿದೆ. ಯುರೋಪಿನ ಸಂಗೀತಗಾರರು ಆ ಅಂತರಕ್ಕೆ ಸೈತಾನನ ಹೆಸರಿಟ್ಟಿದ್ದರು. ಸಂಗೀತ ಕಲಿಯುವ ನನ್ನ ಅಕ್ಕನಿಗೆ ಇದನ್ನು ಹೇಳಿದರೆ, ‘ಕಲ್ಯಾಣಿಯಲ್ಲಿ ದಿನಾ ಹಾಡೋ ಮ ಅದು, ಅದರಲ್ಲೇನು ದೆವ್ವ?’ ಎಂದಳು.

ನಾಲ್ವರೂ ಆಸ್ಟನ್ ಸುತ್ತಮುತ್ತಲಿನ ಕಾರ್ಮಿಕ ಕುಟುಂಬದ ಹುಡುಗರು. ಓಜಿ ಹದಿನೈದಕ್ಕೆ ಶಾಲೆ ಬಿಟ್ಟು ಕಸಾಯಿಖಾನೆಯಲ್ಲಿ ದುಡಿದರು, ಕಾರಿನ ಹಾರ್ನ್ ಪರೀಕ್ಷಿಸಿದರು, ಕಳ್ಳತನ ಮಾಡಿ ಜೈಲಿಗೂ ಹೋಗಿ ಬಂದರು. ಸಾಹಿತ್ಯ ಬರೆಯುತ್ತಿದ್ದ ಗೀಜರ್ ಬಟ್ಲರ್ (ಹೌದು, ಹೆಸರೇ ಹಾಗೆ) ಲೆಕ್ಕಪತ್ರದ ಕೆಲಸ ಕಲಿಯುತ್ತಿದ್ದರು. ಡ್ರಮ್ಸ್ ಬಿಲ್ ವಾರ್ಡ್. 1969ರಲ್ಲಿ ಮೊದಲ ಆಲ್ಬಂ ಅನ್ನು ಹೆಚ್ಚುಕಡಿಮೆ ಒಂದೇ ದಿನದಲ್ಲಿ ಮುದ್ರಿಸಿದರು. ಅದು ಬಂದದ್ದು 1970ರ ಫೆಬ್ರುವರಿ 13ರ ಶುಕ್ರವಾರ. ವಿಮರ್ಶಕರು ಬೈದರು, ಜನ ಕೊಂಡರು. ಅದೇ ವರ್ಷದ ‘ಪ್ಯಾರನಾಯ್ಡ್’ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು.

ಓಜಿ ಸತ್ತ ವಾರ ನನ್ನ ಫೋನ್ ತುಂಬ ಇದೇ ಬೆರಳಿನ ಕಥೆಯ ರೀಲ್ಸ್. ‘ನಿನಗಿರುವ ನೆಪ ಏನು?’ ಎಂಬ ಧಾಟಿಯವು. ಕೆಲಸ ಹುಡುಕುತ್ತಿರುವವನಿಗೆ ಇಂಥ ರೀಲ್ಸ್ ಕಂಡರೆ ಮೈ ಉರಿಯುತ್ತದೆ. ಆ ಕಥೆಯಲ್ಲಿ ಟೋನಿಯ ಛಲ ಇದೆ, ಸರಿ. ಊರು ಎಲ್ಲಿ ಹೋಯಿತು?

1960ರ ದಶಕದ ಬರ್ಮಿಂಗ್‌ಹ್ಯಾಮ್‌ನಲ್ಲಿ ಒಂದು ಕೆಲಸ ಬಿಟ್ಟರೆ ಇನ್ನೊಂದು ಸಿಗುತ್ತಿತ್ತು. ಸಾವಿರ ಕಸುಬಿನ ನಗರ ಎಂದೇ ಅದಕ್ಕೆ ಹೆಸರು. ಸಂಬಳದ ಹಣದಲ್ಲಿ ಕಂತಿನ ಮೇಲೆ ಗಿಟಾರ್ ಕೊಳ್ಳಬಹುದಿತ್ತು. ನುಡಿಸಲು ಪಬ್‌ಗಳ ಮಹಡಿ ಇತ್ತು. ಆಮೇಲೆ ಕಾರ್ಖಾನೆಗಳು ಒಂದೊಂದೇ ಮುಚ್ಚಿದವು. 2005ರಲ್ಲಿ ಲಾಂಗ್‌ಬ್ರಿಡ್ಜ್‌ನ ರೋವರ್ ಕಾರು ಕಂಪನಿ ಬಿದ್ದಾಗ ಆರು ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಆಮೇಲೆ ನಗರದಲ್ಲಿ ಉಳಿದಿದ್ದ ದೊಡ್ಡ ಕಾರು ಘಟಕ ಜಾಗ್ವಾರ್ ಲ್ಯಾಂಡ್ ರೋವರ್‌ನದು. ಅದರ ಒಡೆಯರು 2008ರಿಂದ ನಮ್ಮ ಟಾಟಾ.

2023ರ ಸೆಪ್ಟೆಂಬರ್‌ನಲ್ಲಿ ನಗರಾಡಳಿತವೇ ಕೈಚೆಲ್ಲಿತು. ಅಗತ್ಯ ಸೇವೆ ಬಿಟ್ಟು ಹೊಸ ಖರ್ಚೆಲ್ಲ ಬಂದ್ ಎಂದು ನೋಟಿಸ್ ಹೊರಡಿಸಿತು. ಹೊಸ ಕಂಪ್ಯೂಟರ್ ವ್ಯವಸ್ಥೆ ಕೈಕೊಟ್ಟಿದ್ದು, ಕೇಂದ್ರದ ಅನುದಾನ ವರ್ಷಗಳಿಂದ ಇಳಿದದ್ದು ಕಾರಣಗಳಾದರೂ ದೊಡ್ಡ ಹೊರೆ ಹಳೆಯ ಅನ್ಯಾಯದ್ದು. ಕಸ ಎತ್ತುವಂಥ, ಗಂಡಸರೇ ಹೆಚ್ಚಿದ್ದ ಕೆಲಸಗಳಿಗೆ ಸಿಗುತ್ತಿದ್ದ ಬೋನಸ್ ಅಡುಗೆ, ಸ್ವಚ್ಛತೆ, ಆರೈಕೆಯ ಹೆಣ್ಣುಮಕ್ಕಳಿಗೆ ಸಿಕ್ಕಿರಲಿಲ್ಲ. ಅವರು ಕೋರ್ಟಿಗೆ ಹೋಗಿ ಗೆದ್ದರು. ಬಾಕಿ ಬೆಟ್ಟವಾಗಿ ನಿಂತಿತು. ‘ಹೆಂಗಸರ ಸಂಬಳದಿಂದ ಊರು ದಿವಾಳಿಯಾಯಿತು’ ಎಂದು ಬರೆಯುವವರಿದ್ದಾರೆ. ಸಮಯಕ್ಕೆ ಕೊಡದೆ ಉಳಿಸಿಕೊಂಡದ್ದು ಯಾರು ಎಂದು ಅವರು ಕೇಳುವುದಿಲ್ಲ.

2024ರ ಮಾರ್ಚ್‌ನಲ್ಲಿ ಒಪ್ಪಿಗೆಯಾದ ಬಜೆಟ್ಟಿನಲ್ಲಿ ತೆರಿಗೆ ಸುಮಾರು ಶೇ 10 ಏರಿತು. ಪ್ರಮುಖ ಕಲಾಸಂಸ್ಥೆಗಳ ಅನುದಾನ ಮೊದಲ ವರ್ಷ ಅರ್ಧ, ಮರುವರ್ಷ ಪೂರ್ತಿ ಕಡಿತ. ಅವುಗಳಲ್ಲಿ ಬರ್ಮಿಂಗ್‌ಹ್ಯಾಮ್ ರಾಯಲ್ ಬ್ಯಾಲೆಯೂ ಒಂದು. 2023ರಲ್ಲಿ ಬ್ಲ್ಯಾಕ್ ಸಬತ್ ಹಾಡುಗಳಿಗೆ ನೃತ್ಯ ಕಟ್ಟಿ ಸುದ್ದಿ ಮಾಡಿದ್ದು ಇದೇ ಸಂಸ್ಥೆ! 2025ರ ಜೂನ್‌ನಲ್ಲಿ ನಗರ ನಾಲ್ವರಿಗೂ ಗೌರವ ಪೌರತ್ವ ಕೊಟ್ಟಿತು. ಜುಲೈ 5ರಂದು ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ ಇಪ್ಪತ್ತು ವರ್ಷಗಳ ನಂತರ ನಾಲ್ವರೂ ಒಟ್ಟಿಗೆ ನುಡಿಸಿದರು. ಪಾರ್ಕಿನ್ಸನ್ ಕಾಯಿಲೆಯಿದ್ದ ಓಜಿ ಸಿಂಹಾಸನದಂಥ ಕುರ್ಚಿಯಲ್ಲಿ ಕುಳಿತೇ ಹಾಡಿದರು. ಆಗ ಹೊರಗೆ, ಮಾರ್ಚ್‌ನಿಂದ ನಡೆದಿದ್ದ ಕಸ ಸಿಬ್ಬಂದಿಯ ಮುಷ್ಕರ ಇನ್ನೂ ಮುಗಿದಿರಲಿಲ್ಲ.

ಇದನ್ನೆಲ್ಲ ರೂಮ್‌ಮೇಟ್‌ಗೆ ಹೇಳಿದೆ. ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ಅವನು ಪುಸ್ತಕದಿಂದ ತಲೆ ಎತ್ತದೆ ಕೇಳಿದ: ‘ಬ್ಲ್ಯಾಕ್ ಸಬತ್‌ಗೆ ಯಾವ ಅನುದಾನ ಸಿಕ್ಕಿತ್ತಯ್ಯಾ? ದುಡ್ಡಿಲ್ಲದಾಗ ವೃದ್ಧರ ಆರೈಕೆ ಮೊದಲೋ, ಬ್ಯಾಲೆ ಮೊದಲೋ?’ ಎರಡೂ ನ್ಯಾಯವಾದ ಪ್ರಶ್ನೆ. ಆರೈಕೆಯೇ ಮೊದಲು ಎಂದು ನಾನೂ ಒಪ್ಪುತ್ತೇನೆ. ಆದರೆ ಆ ಹುಡುಗರಿಗೆ ಅನುದಾನ ಬೇಕಿರಲಿಲ್ಲ, ಯಾಕೆಂದರೆ ಊರಲ್ಲಿ ಸಂಬಳವಿತ್ತು, ನುಡಿಸಲು ಜಾಗವಿತ್ತು. ಅವೆರಡೂ ಹೋದ ಮೇಲೆ ಉಳಿದ ಅನುದಾನವನ್ನೂ ಕಿತ್ತರೆ, ಇಂದಿನ ಆಸ್ಟನ್ ಹುಡುಗ ಎಲ್ಲಿ ನುಡಿಸಬೇಕು? 2023 ಒಂದೇ ವರ್ಷದಲ್ಲಿ ಬ್ರಿಟನ್ನಿನ 125 ಸಣ್ಣ ಸಂಗೀತ ತಾಣಗಳು ಸಂಗೀತ ನಿಲ್ಲಿಸಿದವು. ಹಾಗೆಂದು ಹಳೆಯ ಕಾರ್ಖಾನೆಗಳನ್ನು ಹೊಗಳಲೂ ನನಗೆ ಮನಸ್ಸು ಬರುವುದಿಲ್ಲ. ಬೆರಳು ತಿಂದದ್ದು ಅವೇ.

ಜುಲೈ 30ರಂದು ಓಜಿಯ ಅಂತಿಮಯಾತ್ರೆ ಬ್ರಾಡ್ ಸ್ಟ್ರೀಟ್‌ನ ಬ್ಲ್ಯಾಕ್ ಸಬತ್ ಸೇತುವೆಯ ಬಳಿ ನಿಂತಿತು. ನಾಲ್ವರ ಮುಖಗಳಿರುವ ಅಲ್ಲಿನ ಬೆಂಚಿನ ಸುತ್ತ ಹೂವಿನ ರಾಶಿ. ತಂಡ ಶುರುವಿನ ದಿನಗಳಲ್ಲಿ ನುಡಿಸಿದ್ದ ಪಬ್ ‘ದಿ ಕ್ರೌನ್’ ಅದೇ ನಗರದ ಸ್ಟೇಷನ್ ಸ್ಟ್ರೀಟ್‌ನಲ್ಲಿದೆ. 2014ರಲ್ಲಿ ಹಾಕಿದ ಅದರ ಬಾಗಿಲು ಆ ದಿನವೂ ತೆರೆದಿರಲಿಲ್ಲ.