ಬೀಗದ ಕೈ ಯಾರಿಗೆ?

ಮೇ 31 ಬಂತೆಂದರೆ ನಮ್ಮ ಪ್ರೌಢಶಾಲೆಗಳಲ್ಲಿ ಬೀಳ್ಕೊಡುಗೆಯ ಸುಗ್ಗಿ. ಐದಾರು ದಶಕಗಳ ಹಿಂದೆ ಊರಿನ ಮೇಷ್ಟ್ರು ದಾಖಲಾತಿ ಪುಸ್ತಕದಲ್ಲಿ ಅರ್ಧ ಮಕ್ಕಳಿಗೆ ಜೂನ್ 1ನ್ನೇ ಹುಟ್ಟಿದ ದಿನವೆಂದು ಬರೆದುಬಿಟ್ಟಿದ್ದರ ಫಲ ಇದು. ಶಾಲು, ಹಾರ, ಫಲತಾಂಬೂಲ, ಮುಖ್ಯೋಪಾಧ್ಯಾಯರ ನಾಲ್ಕು ಒಳ್ಳೆಯ ಮಾತು, ಆಮೇಲೆ ಊಟ. ಗಣಿತದ ಮೇಷ್ಟ್ರು ನಿವೃತ್ತರಾದರೆ ತಡವಾಗಿಯಾದರೂ ಅತಿಥಿ ಶಿಕ್ಷಕರೊಬ್ಬರು ಬರುತ್ತಾರೆ. ಪಾಠ ನಿಂತರೆ ಪೋಷಕರು ಸುಮ್ಮನಿರುವುದಿಲ್ಲ. ಗ್ರಂಥಪಾಲಕರು ನಿವೃತ್ತರಾದರೆ ಯಾರೂ ಬರುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಅನುದಾನಿತ ಶಾಲೆಗಳಿಂದ ಹೀಗೆ ಒಬ್ಬೊಬ್ಬರಾಗಿ ಎದ್ದುಹೋದವರಿಗೆ ನಾವು ಕೊಟ್ಟ ಬೀಳ್ಕೊಡುಗೆ ಅನೇಕ ಕಡೆ ಆ ಹುದ್ದೆಗೇ ಕೊಟ್ಟ ಬೀಳ್ಕೊಡುಗೆಯಾಯಿತು.

ಆರಂಭ ಇಷ್ಟು ಬಡವಾಗಿರಲಿಲ್ಲ. ಗ್ರಂಥಾಲಯ ವಿಜ್ಞಾನಕ್ಕೆ ಐದು ಸೂತ್ರಗಳನ್ನು ಕೊಟ್ಟ ಎಸ್.ಆರ್. ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ತರಬೇತಿ ಕೇಂದ್ರ ಕಟ್ಟಿದರು. 1965ರಲ್ಲಿ ಮೈಸೂರು ರಾಜ್ಯ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ತಂದು, ಓದಿಗೆಂದೇ ಕರ ಹಾಕಿತು. ಕಾಯ್ದೆಯ ಕಣ್ಣು ಊರಿನ ಗ್ರಂಥಾಲಯದ ಮೇಲಿತ್ತೇ ಹೊರತು ಶಾಲೆಯ ಮೇಲಲ್ಲ. ಆದರೂ ಆ ಗಾಳಿ ಶಾಲೆಯತ್ತಲೂ ಬೀಸಿತು. ಎಪ್ಪತ್ತು, ಎಂಬತ್ತರ ದಶಕದಲ್ಲಿ ಓದಿದವರಿಗೆ ಆ ಕೋಣೆ ನೆನಪಿದ್ದೇ ಇರುತ್ತದೆ: ನಿರಂಜನರು ಸಂಪಾದಿಸಿದ ‘ಜ್ಞಾನಗಂಗೋತ್ರಿ’ಯ ದಪ್ಪ ಸಂಪುಟಗಳು, ಜೇಬಿಗೆ ಹಿಡಿಯುವ ‘ಭಾರತ-ಭಾರತಿ’ ಪುಸ್ತಕಗಳು, ಕಾರಂತರ ‘ಬಾಲ ಪ್ರಪಂಚ’, ತಿಂಗಳಿಗೊಮ್ಮೆ ಜಗಳ ಹಚ್ಚುತ್ತಿದ್ದ ‘ಚಂದಮಾಮ’. ಅದರ ನಡುವೆ ಕೂತವರ ಕೆಲಸ ಹೊರಗಿನವರಿಗೆ ಕಾಣುತ್ತಿರಲಿಲ್ಲ. ಹೊಸ ಪುಸ್ತಕ ಬಂದರೆ ಮೊದಲು ಅಕ್ಸೆಶನ್ ರಿಜಿಸ್ಟರಿನಲ್ಲಿ ಸಂಖ್ಯೆ. ಶೀರ್ಷಿಕೆ ಪುಟಕ್ಕೊಂದು ಮುದ್ರೆ, ಕದ್ದವರಿಗೆ ಹೊಳೆಯದಂತೆ ಒಳಗಿನ ಗೊತ್ತಾದ ಪುಟಕ್ಕೊಂದು ಮುದ್ರೆ. ಹಿಂದಿನ ರಟ್ಟಿಗೆ ದಿನಾಂಕದ ಚೀಟಿ. ಬೇಸಿಗೆ ರಜೆಯಲ್ಲಿ ಹರಿದ ಪುಸ್ತಕಗಳ ಆರೈಕೆ: ಮೈದಾಹಿಟ್ಟು ಕುದಿಸಿ ಅಂಟು ಮಾಡಿ, ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಬೆರೆಸಿ, ಬೆನ್ನಿಗೆ ಬಟ್ಟೆಪಟ್ಟಿ ಹಚ್ಚಿ, ಮೇಲೆ ಅಟ್ಲಾಸುಗಳನ್ನು ಹೇರಿ ಒಣಗಲು ಬಿಡುವುದು. ಕತೆ ಪುಸ್ತಕ ಕೇಳಿ ಬಂದ ಒಂಬತ್ತನೆಯ ತರಗತಿಯ ಹುಡುಗನ ಕೈಗೆ ‘ಕರ್ವಾಲೊ’ ಕೊಟ್ಟು, ಮುಂದಿನ ವಾರ ‘ಹಾರುವ ಓತಿ ಸಿಕ್ಕಿತೇನೋ?’ ಎಂದು ವಿಚಾರಿಸುವುದು ಮಾತ್ರ ಯಾವ ರಿಜಿಸ್ಟರಿಗೂ ಏರದ ಕೆಲಸ. ಓದುಗರು ಹುಟ್ಟಿದ್ದು ಅಲ್ಲಿ.

ಹಾಗೆಂದು ಆ ಕಾಲವನ್ನು ಬರೀ ಹೊಗಳಿ ಕೂರುವಂತಿಲ್ಲ. ಗಾಜಿನ ಬೀರುವಿನಲ್ಲಿ ಹೊಸ ಪುಸ್ತಕ ತೋರಿಸಿ, ಮುಟ್ಟಲು ಬಿಡದ ಗ್ರಂಥಪಾಲಕರೂ ಇದ್ದರು. ಅವರನ್ನು ಪೂರ್ತಿ ದೂರಲೂ ಆಗದು. ಪುಸ್ತಕ ಕಳೆದರೆ ಬೆಲೆ ಕಟ್ಟಬೇಕಾದವರು ಅವರೇ. 1987ರಲ್ಲಿ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಪ್ರಾಥಮಿಕ ಶಾಲೆಗಳಿಗೂ ಪುಸ್ತಕ ಮುಟ್ಟಿಸಹೊರಟಾಗ ಇದೇ ಭಯಕ್ಕೆ ಎಷ್ಟೋ ಪುಸ್ತಕಗಳು ಟ್ರಂಕಿನಿಂದ ಮೇಲೇಳಲಿಲ್ಲ. ಬರಬರುತ್ತ, ಅಕ್ಷರ ದುಂಡಗಿದೆ ಎಂದೋ ಪಾಠದ ಹೊರೆ ಇಲ್ಲವೆಂದೋ, ವಿದ್ಯಾರ್ಥಿವೇತನದ ಅರ್ಜಿ, ಬಿಸಿಯೂಟದ ಲೆಕ್ಕ, ಚುನಾವಣೆಯ ಪಟ್ಟಿ ಎಲ್ಲವೂ ಗ್ರಂಥಪಾಲಕರ ಮೇಜಿಗೇ ಬಂದವು.

ಆಮೇಲೆ ಬಂದದ್ದು ದೊಡ್ಡ ಭರವಸೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಗೂ ಗ್ರಂಥಾಲಯ ಬೇಕು, ಅಲ್ಲಿ ಪತ್ರಿಕೆ, ನಿಯತಕಾಲಿಕ, ಕತೆ ಪುಸ್ತಕಗಳಿರಬೇಕು ಎಂದಿತು. ಚಿತ್ರಕಲೆ, ದೈಹಿಕ ಶಿಕ್ಷಣಗಳಿಗೆ ಅರೆಕಾಲಿಕ ಬೋಧಕರನ್ನೂ ಹೆಸರಿಸಿತು. ಗ್ರಂಥಪಾಲಕರ ಮಾತು ಅದರಲ್ಲಿ ಇಲ್ಲ. 2018ರ ಸಮಗ್ರ ಶಿಕ್ಷಣ ಯೋಜನೆ ಪುಸ್ತಕ ಕೊಳ್ಳಲು ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಕೊಡುವ ಏರ್ಪಾಡು ಮಾಡಿತು. ಕೊಂಡ ಪುಸ್ತಕವನ್ನು ಮಗುವಿನ ಕೈಗಿಡುವವರು ಯಾರೆಂಬುದನ್ನು ಕನ್ನಡ ಮೇಷ್ಟ್ರ ಬಿಡುವಿನ ಅವಧಿಗೆ ಬಿಟ್ಟುಕೊಟ್ಟೆವು. ಅಷ್ಟರಲ್ಲಿ ‘ಚಂದಮಾಮ’ವೂ ನಿಂತಿತ್ತು. ಲಾಭವೇ ಆಗಿಲ್ಲವೆಂದಲ್ಲ. ಮಕ್ಕಳ ಪುಸ್ತಕಗಳ ಚಿತ್ರ, ಮುದ್ರಣ ಅಂದಿಗಿಂತ ಎಷ್ಟೋ ಚೆನ್ನಾಗಿದೆ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ‘ಓದುವ ಬೆಳಕು’ ಕಾರ್ಯಕ್ರಮ ಹಳ್ಳಿಯ ಮಕ್ಕಳಿಗೆ ಪಂಚಾಯಿತಿ ಗ್ರಂಥಾಲಯದ ಉಚಿತ ಸದಸ್ಯತ್ವ ಕೊಟ್ಟಿತು; ಇಂದು ಅರಿವು ಕೇಂದ್ರಗಳಾಗಿರುವ ಆ ಗ್ರಂಥಾಲಯಗಳಿಗೆ ಮಕ್ಕಳು ಬಂದರು. ಅಲ್ಲಿ ಬಾಗಿಲು ತೆರೆದು ಕೂರುವ ಮೇಲ್ವಿಚಾರಕರೊಬ್ಬರಿದ್ದರು ಎಂಬುದನ್ನು ಶಾಲೆಗಳ ಯೋಜನೆ ಬರೆದವರು ಗಮನಿಸಬೇಕಿತ್ತು.

ಇನ್ನು ಬೀಳ್ಕೊಡುಗೆಯ ವಾರ. ಗ್ರಂಥಪಾಲಕರಿಗೆ ಅದು ಸಂಭ್ರಮಕ್ಕಿಂತ ಲೆಕ್ಕದ ವಾರ. ರಿಜಿಸ್ಟರಿಗೂ ಕಪಾಟಿಗೂ ತಾಳೆಯಾಗದೆ ಬೇಬಾಕಿ ಪತ್ರ ಸಿಗದು. ಆಗ ಸ್ಟಾಫ್ ರೂಮಿನ ಡ್ರಾಯರುಗಳಿಂದ, ವರ್ಗವಾಗಿ ಹೋದವರ ಮನೆಯ ಅಟ್ಟಗಳಿಂದ ಪುಸ್ತಕಗಳು ಹೊರಬರುತ್ತವೆ. ವರ್ಷಗಟ್ಟಲೆ ಇಟ್ಟುಕೊಂಡ ನಿಘಂಟನ್ನು ಮುಜುಗರದಿಂದ ಮರಳಿಸುವ ಸಹೋದ್ಯೋಗಿಗೂ, ನಕ್ಕು ಟಿಕ್ ಹಾಕುವ ಗ್ರಂಥಪಾಲಕರಿಗೂ ನಡುವೆ ಆಡುವ ಎರಡು ಮಾತು ವೇದಿಕೆಯ ಭಾಷಣಕ್ಕಿಂತ ಮೇಲು. ಸಿಗದ ಪುಸ್ತಕಗಳ ಬೆಲೆಯನ್ನು ಎಷ್ಟೋ ಮಂದಿ ಕೈಯಿಂದಲೇ ಕಟ್ಟಿ ಹೋಗಿದ್ದಾರೆ. ಕೊನೆಗೆ ಬೀಗದ ಕೈ ಗುಮಾಸ್ತರ ಮೇಜಿನ ಮೊಳೆಗೆ ನೇತುಬೀಳುತ್ತದೆ.

ಈ ಸಲ ಹಾರ ತರಿಸುವ ಸಹೋದ್ಯೋಗಿಗಳಲ್ಲಿ, ಆಡಳಿತ ಮಂಡಳಿಗಳಲ್ಲಿ ನಮ್ಮ ಕೋರಿಕೆ ಇಷ್ಟೆ. ಸಮಾರಂಭಕ್ಕೆ ಮೊದಲೇ ಆ ಕೀಲಿ ಯಾರಿಗೆಂದು ಹೆಸರು ಬರೆದು ತೀರ್ಮಾನಿಸಿ. ಹೊಸ ವೇಳಾಪಟ್ಟಿಯಲ್ಲಿ ವಾರಕ್ಕೊಂದು ಗ್ರಂಥಾಲಯದ ಅವಧಿ ಹಾಕಿ, ಅದನ್ನು ವಿಜ್ಞಾನದ ಹೆಚ್ಚುವರಿ ತರಗತಿಗೆ ಬಿಟ್ಟುಕೊಡಬೇಡಿ. ಹುದ್ದೆ ತುಂಬಿಕೊಡಿ ಎಂದು ಠರಾವು ಮಾಡಿ ಇಲಾಖೆಗೆ ಕಳಿಸಿ. ರಂಗನಾಥನ್ ಹುಟ್ಟಿದ ದಿನವಾದ ಆಗಸ್ಟ್ 12ನ್ನು ಗ್ರಂಥಪಾಲಕರ ದಿನವೆಂದು ಆಚರಿಸುತ್ತೇವೆ. ಆ ಹೊತ್ತಿಗಾದರೂ ಪತ್ರ ತಲುಪಿರಲಿ.