"ಫುಲ್ ವಿಡಿಯೋ ಇದ್ಯಾ?"

2024ರ ಏಪ್ರಿಲ್ ಕೊನೇ ವಾರ. ಹಾಸನ ಜಿಲ್ಲೆಯವರು ಅಂತ ಗೊತ್ತಾದ್ರೆ ಸಾಕು, ಎದುರಿಗಿದ್ದವರು ಕೇಳ್ತಿದ್ದ ಮೊದಲ ಪ್ರಶ್ನೆ ಇದು. ನಾನು ಅರಸೀಕೆರೆಯವನು, ಕೆಲಸ ಬೆಂಗಳೂರಲ್ಲಿ. ಅಲ್ಲಿವರೆಗೆ "ನಿಮ್ಮೂರಿಂದ ಹಳೇಬೀಡು ಎಷ್ಟು ದೂರ", "ಬೇಲೂರಿಗೆ ಬಸ್ ಇದ್ಯಾ" ಅಂತ ಕೇಳ್ತಿದ್ದ ಜನ ಆವತ್ತಿಂದ ದನಿ ತಗ್ಗಿಸಿ ಇದನ್ನ ಕೇಳೋಕೆ ಶುರು ಮಾಡಿದ್ರು. ಕೇಳಿದವರು ಪುಂಡ ಪೋಕರಿಗಳೇನಲ್ಲ. ಓದಿದವರು, ಸಂಸಾರಸ್ಥರು, ಹೆಣ್ಣುಮಕ್ಕಳ ಅಪ್ಪಂದಿರು!

ನಡೆದದ್ದು ನಿಮಗೆ ಗೊತ್ತೇ ಇದೆ, ಆದರೂ ಚುಟುಕಾಗಿ ಹೇಳ್ತೀನಿ. ಏಪ್ರಿಲ್ 26ರ ಲೋಕಸಭಾ ಮತದಾನಕ್ಕೆ ಮುಂಚೆ ಹಾಸನದಲ್ಲಿ ಪೆನ್ ಡ್ರೈವ್‌ಗಳು ಹರಿದಾಡಿದವು. ಅವುಗಳಲ್ಲಿದ್ದದ್ದು ಆಗಿನ ಸಂಸದ ಪ್ರಜ್ವಲ್ ರೇವಣ್ಣ ಅವರದ್ದು ಎನ್ನಲಾದ ವಿಡಿಯೋಗಳು. ಹೆಣ್ಣುಮಕ್ಕಳ ಮುಖ ಮಸುಕು ಕೂಡ ಮಾಡಿರಲಿಲ್ಲ. ಸರ್ಕಾರ ಎಸ್‌ಐಟಿ ರಚಿಸಿತು. ದೇಶ ಬಿಟ್ಟು ಹೋಗಿದ್ದ ಸಂಸದರು ಮೇ 31ರಂದು ವಾಪಸ್ ಬಂದಾಗ ವಿಮಾನ ನಿಲ್ದಾಣದಲ್ಲೇ ಬಂಧನವಾಯಿತು. 2025ರ ಆಗಸ್ಟ್ 2ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಒಂದು ಪ್ರಕರಣದಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು. ಅತ್ಯಾಚಾರದ ಸೆಕ್ಷನ್‌ಗಳ ಜೊತೆಗೆ, ಚಿತ್ರೀಕರಣಕ್ಕೆ ಸಂಬಂಧಿಸಿದ ಐಪಿಸಿ 354ಸಿ ಮತ್ತು ಐಟಿ ಕಾಯ್ದೆಯ 66ಇ ಕೂಡ ಸಾಬೀತಾದವು. ಅದರ ವಿರುದ್ಧ ಅವರು ಹೈಕೋರ್ಟಿಗೆ ಹೋಗಿದ್ದು ಬೇರೆ ವಿಷಯ.

ಸರಿ, ಚಿತ್ರೀಕರಿಸಿದ್ದು ಒಂದು ಅಪರಾಧ. ಪೆನ್ ಡ್ರೈವ್ ತುಂಬಿಸಿ ಬೀದಿಗೆ ಬಿಟ್ಟದ್ದು ಎರಡನೇದು. ಅದಕ್ಕೂ ಬೇರೆ ಕೇಸಾಯ್ತು, ಬಂಧನಗಳೂ ಆದವು. ಯಾವ ಪಕ್ಷದವರು ಬಿಟ್ಟದ್ದು ಅಂತ ಟಿವಿಗಳಲ್ಲಿ ವಾರಗಟ್ಟಲೆ ಚರ್ಚೆ ನಡೀತು. ಆದರೆ ಮೂರನೇ ಅಪರಾಧದ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಸಲೂನಿನಲ್ಲಿ, ಟೀ ಅಂಗಡಿಯಲ್ಲಿ, ವಾಟ್ಸಾಪ್ ಗ್ರೂಪಿನಲ್ಲಿ ಅದನ್ನ ಕೈಯಿಂದ ಕೈಗೆ ದಾಟಿಸಿದ್ದು ಯಾರು? ನಾವೇ ಅಲ್ವಾ, ಊರಿನ ಜನ? ಹಾಗೆ ಹಂಚೋದು ಅಪರಾಧ ಅಂತ ಎಸ್‌ಐಟಿ ಎಚ್ಚರಿಕೆ ಕೊಡಬೇಕಾಯ್ತು. ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅವರು ಹೆದರಿದ್ದು ಸಂಸದರಿಗೆ ಮಾತ್ರ ಅಂದ್ಕೊಂಡ್ರಾ? ಪಕ್ಕದ ಮನೆಯವನ ಫೋನಿಗೂ ಹೆದರಿದ್ರು ಸ್ವಾಮಿ.

ಈಗ ಕಾನೂನಿನ ವಿಷಯಕ್ಕೆ ಬರ್ತೀನಿ. "ಅವಳೇ ಒಪ್ಪಿ ತೆಗೆಸ್ಕೊಂಡಿದ್ರೆ?" ಅನ್ನೋ ಮಹಾನುಭಾವರು ಇದನ್ನ ಎರಡು ಸಲ ಓದಿ. 2013ರಲ್ಲಿ ಐಪಿಸಿಗೆ 354ಸಿ ಸೇರಿಸಿದಾಗ ಅದಕ್ಕೊಂದು ವಿವರಣೆ ಕೊಟ್ಟಿದ್ದಾರೆ: ಚಿತ್ರ ತೆಗೆಯೋದಕ್ಕೆ ಹೆಣ್ಣು ಒಪ್ಪಿದ್ದರೂ ಬೇರೆಯವರಿಗೆ ಹಂಚೋಕೆ ಒಪ್ಪಿಲ್ಲದಿದ್ದರೆ, ಹಂಚಿದ್ದು ಅಪರಾಧವೇ. 2024ರ ಜುಲೈ 1ರಿಂದ ಇದೇ ಮಾತು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್‌ನಲ್ಲಿದೆ. ತೆಗೆಯೋ ಒಪ್ಪಿಗೆ ಬೇರೆ, ಹಂಚೋ ಒಪ್ಪಿಗೆ ಬೇರೆ. ಇಷ್ಟು ಸರಳ ವಿಷಯ ನಮ್ಮ ಶಾಸಕಾಂಗಕ್ಕೆ ಅರ್ಥವಾಗಿದೆ, ನಮ್ಮ ಜಗಲಿಕಟ್ಟೆಗೆ ಇನ್ನೂ ಆಗಿಲ್ಲ.

ಹಾಗಂತ ಕಾನೂನನ್ನ ಹೊಗಳೋಕೆ ಕೂತಿಲ್ಲ. 77ರಲ್ಲಿ ಮೊದಲ ಸಲದ ಅಪರಾಧಕ್ಕೆ 1ರಿಂದ 3 ವರ್ಷ. 66ಇ ಅಡಿ ಗರಿಷ್ಠ 3 ವರ್ಷ ಇಲ್ಲಾ 2 ಲಕ್ಷ ದಂಡ, ಅಥವಾ ಎರಡೂ. ಆದರೆ ಜಾಮೀನು ಸಿಗುವಂಥ ಅಪರಾಧ. ಅದೂ ಖಾಸಗಿ ಅಂಗದ ಚಿತ್ರಕ್ಕೆ ಮಾತ್ರ. ಜಾಸ್ತಿ ಶಿಕ್ಷೆ, ಅಂದರೆ ಮೊದಲ ಸಲಕ್ಕೇ 5 ವರ್ಷದವರೆಗೆ, ಇರೋದು 67ಎ ಅಡಿ. ಅಲ್ಲಿರೋ ತಮಾಷೆ ನೋಡಿ... ಆ ಸೆಕ್ಷನ್ ಪೂರ್ತಿ ಹುಡುಕಿದರೂ ಒಪ್ಪಿಗೆ ಅನ್ನೋ ಪದ ಸಿಗೋಲ್ಲ. ಲೈಂಗಿಕ ದೃಶ್ಯ ಕಳಿಸಿದ್ದೇ ತಪ್ಪು ಅನ್ನುತ್ತೆ ಅದು. ಹಾಗಾದ್ರೆ ಗಂಡನಿಗೋ ಪ್ರೇಮಿಗೋ ನಂಬಿ ಕಳಿಸಿದ ಹುಡುಗಿ, ಅವನು ಮೋಸ ಮಾಡಿದ ಅಂತ ಠಾಣೆ ಮೆಟ್ಟಿಲು ಹತ್ತಿದರೆ, "ಮೊದಲು ಕಳಿಸಿದ್ದು ನೀನೇ ಅಲ್ವೇನಮ್ಮ" ಅಂತ ಯಾರಾದರೂ ಹೆದರಿಸಬಹುದು. ದೂರು ಕೊಡಬೇಕಾದವಳ ಬಾಯಿ ಮುಚ್ಚಿಸೋಕೆ ಇಷ್ಟು ಸಾಕು. ಅಶ್ಲೀಲ ಅನ್ನೋ ತಕ್ಕಡಿಯಲ್ಲಿ ತೂಗಿದ್ರೆ ಆಗೋದು ಹೀಗೆ. ಟಿವಿಯವರೂ ಅಷ್ಟೇ, "ಅಶ್ಲೀಲ ವಿಡಿಯೋ" ಅಂತ ಸ್ಕ್ರೋಲ್ ಓಡಿಸ್ತಾರೆ. ಹೆಣ್ಣಿನ ಮೇಲೆ ನಡೆದ ದೌರ್ಜನ್ಯದ ದಾಖಲೆ ಅಶ್ಲೀಲ ಹೇಗ್ರೀ ಆಗುತ್ತೆ?

ಇನ್ನು 77ನೇ ಸೆಕ್ಷನ್ ಪ್ರಕಾರ ತಪ್ಪು ಮಾಡಿದವರು ಯಾರೇ ಆಗಿರಬಹುದು, ಆದರೆ ಬಲಿಪಶು ಹೆಂಗಸೇ ಆಗಿರಬೇಕು. ವಿಡಿಯೋ ಕಾಲ್ ರೆಕಾರ್ಡ್ ಮಾಡಿ ಹುಡುಗರಿಂದ ದುಡ್ಡು ಕೀಳೋ ದಂಧೆ ಇಷ್ಟು ಬೆಳೆದಿರೋವಾಗ ಗಂಡುಮಕ್ಕಳಿಗೆ ಆ ಸೆಕ್ಷನ್ ಇಲ್ಲ, ಬೇರೆ ಸೆಕ್ಷನ್ ಹುಡುಕಬೇಕು. ಇಂಗ್ಲೆಂಡಿನಲ್ಲಿ 2015ರಲ್ಲಿ ಇದಕ್ಕೇ ಅಂತ ಕಾನೂನು ಬಂತು. ಆಗ ನೋವು ಕೊಡೋ ಉದ್ದೇಶ ಇತ್ತು ಅಂತ ಸಾಬೀತು ಮಾಡಬೇಕಿತ್ತು. "ತಮಾಷೆಗೆ ಕಳಿಸಿದೆ" ಅಂದು ನುಣುಚಿಕೊಳ್ಳಬಾರದು ಅಂತ 2023ರ ಕಾಯ್ದೆಯಲ್ಲಿ ಅದನ್ನೂ ಸರಿ ಮಾಡಿದರು. ನಮಗೂ ಅಂಥದ್ದೊಂದು ಬೇಕು. ಒಪ್ಪಿಗೆ ಇತ್ತೋ ಇಲ್ಲವೋ ಅನ್ನೋದೊಂದನ್ನೇ ಕೇಳೋ, ಗಂಡು ಹೆಣ್ಣು ಅಂತ ನೋಡದ ಒಂದೇ ಸೆಕ್ಷನ್.

ನನ್ನ ಕಸುಬಿನ ಮಾತೂ ಒಂದಿಷ್ಟು ಇರಲಿ. "ಒಮ್ಮೆ ಹೊರಗೆ ಬಂದ್ಮೇಲೆ ಮುಗೀತು, ತೆಗೆಸೋಕಾಗಲ್ಲ" ಅನ್ನೋದು ಅರ್ಧ ಸತ್ಯ. 2021ರ ಐಟಿ ನಿಯಮಗಳು ಬಂದಾಗಲೇ, ಚಿತ್ರದಲ್ಲಿರೋ ವ್ಯಕ್ತಿ ದೂರು ಕೊಟ್ಟ 24 ಗಂಟೆಯೊಳಗೆ ಅದನ್ನ ತೆಗೀಬೇಕು ಅಂತ ಇತ್ತು. ಮಾರ್ಫ್ ಮಾಡಿದ ಚಿತ್ರಕ್ಕೂ ಇದು ಅನ್ವಯ. ಅದೇ ವರ್ಷ ಕೊನೆಗೆ ಸ್ಟಾಪ್ ಎನ್‌ಸಿಐಐ ಅನ್ನೋ ಸೇವೆ ಶುರುವಾಯ್ತು. ನಿಮ್ಮ ಚಿತ್ರವನ್ನ ಅವರಿಗೆ ಕಳಿಸೋದೇ ಬೇಡ. ನಿಮ್ಮ ಫೋನಿನಲ್ಲೇ ಅದರ ಹ್ಯಾಶ್, ಅಂದರೆ ಚಿತ್ರದ ಬೆರಳಚ್ಚಿನಂಥ ಒಂದು ಸಂಖ್ಯೆ ತಯಾರಾಗುತ್ತೆ. ಆ ಸಂಖ್ಯೆ ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಕಂಪನಿಗಳಿಗೆ ಹೋಗುತ್ತೆ, ಅಲ್ಲಿ ಅದೇ ಚಿತ್ರ ಕಂಡರೆ ಹಿಡಿಯುತ್ತೆ. ಆದರೆ ಪೆನ್ ಡ್ರೈವಿಗೆ ಯಾವ ಹ್ಯಾಶೂ ಇಲ್ಲ. ಒಬ್ಬರಿಂದ ಒಬ್ಬರಿಗೆ ಹೋಗೋ ವಾಟ್ಸಾಪ್ ಮೆಸೇಜನ್ನ ಮಧ್ಯದಲ್ಲಿ ಯಾವ ಸರ್ವರ್ರೂ ಓದೋಕಾಗಲ್ಲ. ಅಲ್ಲಿ ತಡೆಯೋಕೆ ಆಗೋದು ಫೋನ್ ಹಿಡಿದ ಕೈಗೆ ಮಾತ್ರ.

ನಿಮ್ಮ ಮನೆಯವರಿಗೇ ಹೀಗಾದ್ರೆ ಗಾಬರಿಯಲ್ಲಿ ಎಲ್ಲ ಡಿಲೀಟ್ ಮಾಡಬೇಡಿ. ಲಿಂಕ್, ನಂಬರು, ದಿನಾಂಕ ಕಾಣೋ ಸ್ಕ್ರೀನ್‌ಶಾಟ್ ಇಟ್ಕೊಳಿ. ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲಿನಲ್ಲಿ ಇಂಥ ದೂರನ್ನ ಹೆಸರು ಹೇಳದೆಯೂ ಕೊಡಬಹುದು. ಠಾಣೆಗೆ ಹೋದಾಗ "ಇದು ಸೈಬರ್ ವಿಷಯ, ಹಾಸನಕ್ಕೆ ಹೋಗಿ" ಅಂದ್ರೆ ಎದ್ದು ಬರಬೇಡಿ. ತನಿಖೆ ಯಾರೇ ಮಾಡಲಿ, ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಯಾವ ಠಾಣೆಯಾದರೂ ದೂರು ಬರೆದುಕೊಳ್ಳಲೇಬೇಕು. ಆ ಸೆಕ್ಷನ್ ನಂಬರು ಹೇಳಿ, ಕೂತಲ್ಲೇ ಕೂತಿರಿ.